ಮುದಿಬೆಕ್ಕೂ ಭೂತಯಜ್ಞವೂ

ಸಹ್ಯಾದ್ರಿಯ ಪಾದದಲ್ಲಿ, ಪಯಸ್ವಿನಿಯ ತಟದಲ್ಲಿರುವ ಸಂಪಾಜೆಯಲ್ಲಿ ಆಟಿ ತಿಂಗಳ ಮಳೆ ಬಿಡದೆ ಸುರಿಯುವಾಗ, ಇಲಿ ಹಿಡಿಯುವ ಶಕ್ತಿಯುಡುಗಿ, ಸಂಧಿಗಳು ಸೆಟೆದು, ಬಚ್ಚಲೊಲೆಯ ಬಳಿಯಿಂದ ಕದಲದ ಮುದಿಬೆಕ್ಕಿಗೆ ಗೃಹಸ್ಥನು ಸಲ್ಲಿಸತಕ್ಕದ್ದೇನೆಂಬ ಪ್ರಶ್ನೆ ಮೇಲ್ನೋಟಕ್ಕೆ ತೋರುವಷ್ಟು ಕ್ಷುಲ್ಲಕವಾದುದಲ್ಲ. ಪಂಚಮಹಾಯಜ್ಞಗಳಲ್ಲೊಂದಾದ ಭೂತಯಜ್ಞವು ಪ್ರಾಣಿಗಳಿಗೆ ಅನ್ನದ ಭಾಗವನ್ನು ವಿಧಿಸಿತು. ಬೆಚ್ಚನೆಯ ಮೂಲೆಯೂ ಅದರಲ್ಲಿ ಸೇರಬೇಕೆಂದೇ ನನ್ನ ಮತ.

ಬೆಕ್ಕು ಶಾಸ್ತ್ರಚರ್ಚೆಗೂ ಹೊಸದಲ್ಲ: ಶ್ರೀವೈಷ್ಣವರಲ್ಲಿ ತೆಂಗಲೆ ಪಂಗಡದವರು, ತಾಯಿಬೆಕ್ಕು ಮರಿಯನ್ನು ಕಚ್ಚಿ ಒಯ್ಯುವಂತೆ ಭಗವಂತನು ಜೀವನನ್ನು ನಿರ್ಹೇತುಕವಾಗಿ ಕಾಯುವನೆಂದು ಹೇಳಿ, ಕೋತಿಮರಿಯಂತೆ ಜೀವನೇ ತಾಯಿಯನ್ನು ತಬ್ಬಬೇಕೆಂಬ ವಡಗಲೆಯವರ ಮರ್ಕಟನ್ಯಾಯಕ್ಕೆದುರಾಗಿ ಮಾರ್ಜಾರನ್ಯಾಯವನ್ನು ನಿಲ್ಲಿಸಿದರು. ಆ ತಾಯಿಬೆಕ್ಕಿಗೂ ವಾರ್ಧಕ್ಯ ಬಂದೀತಷ್ಟೆ! ತಬ್ಬಲೂ ಒಯ್ಯಲೂ ಆರದ ಅವಳನ್ನು ಒಯ್ಯುವವರಾರು? ಹಿಂದೆ ಹಿಡಿದ ಇಲಿಗಳ ಲೆಕ್ಕವಿಟ್ಟು ಹಾಲೆರೆದರೆ ಅದು ಸಾಲದ ತೀರುವಳಿ. ನಿರ್ಹೇತುಕ ಕೃಪೆಯನ್ನು ದೇವರಿಂದ ಬೇಡುವ ಮನುಷ್ಯನು ಅದನ್ನು ತನ್ನ ಜಗಲಿಯಲ್ಲೊಮ್ಮೆ ಅಭ್ಯಸಿಸಬಾರದೇಕೆ?

ಇನ್ನು ಆ ಬೆಚ್ಚನೆಯ ಮೂಲೆಯ ವಿಚಾರ. ಬೆಕ್ಕಿನ ಸಹಜ ದೇಹೋಷ್ಣ ನಮ್ಮದಕ್ಕಿಂತ ಹೆಚ್ಚು, ಸುಮಾರು 38ರಿಂದ 39 ಡಿಗ್ರಿ ಸೆಲ್ಸಿಯಸ್. ಮಾಂಸ ಕ್ಷಯಿಸಿದ ಮುಪ್ಪಿನಲ್ಲಿ ಅದನ್ನು ಉಳಿಸಿಕೊಳ್ಳುವುದು ದುಸ್ತರ. ಆದುದರಿಂದ ನೆಲದ ತೇವ ತಾಗದಂತೆ ಗೋಣಿಚೀಲವನ್ನು ಮಡಿಸಿ, ಮೇಲೆ ಹಳೆಯ ಕಂಬಳಿ ಹಾಸಿ, ಒಲೆಯ ಕಿಡಿ ಸಿಡಿಯದಷ್ಟು ದೂರದಲ್ಲಿರಿಸಿ, ನೀರನ್ನೂ ಮೆದುವಾದ ಆಹಾರವನ್ನೂ ಸಮೀಪದಲ್ಲೇ ಇಡತಕ್ಕದ್ದು; ಉಣ್ಣುವುದನ್ನೇ ಬಿಟ್ಟರೆ, ಮುಪ್ಪೆಂದು ಸುಮ್ಮನಿರದೆ, ಪಶುವೈದ್ಯರಿಗೆ ತೋರಿಸತಕ್ಕದ್ದು.