ತಲೆ, ಕಿವಿ, ಪಾದ

ವಾಗ್ಭಟನ ಅಷ್ಟಾಂಗಹೃದಯದಲ್ಲಿ ಸೂತ್ರಸ್ಥಾನದ 2ನೇ ಅಧ್ಯಾಯ ದಿನಚರಿಗೆ ಮೀಸಲು. ಬೆಳಗ್ಗೆ ಏಳುವುದು, ಹಲ್ಲುಜ್ಜುವುದು, ಕಣ್ಣಿಗೆ ಅಂಜನ ಹಚ್ಚುವುದೆಲ್ಲ ಮುಗಿದ ಮೇಲೆ ಅಭ್ಯಂಗದ ಶ್ಲೋಕ ಬರುತ್ತದೆ. ಅದರ ಅರ್ಥ ಇಷ್ಟು: ದಿನವೂ ಮೈಗೆ ಎಣ್ಣೆ ತೀಡಿಕೊಳ್ಳಬೇಕು; ಅದರಿಂದ ಮುಪ್ಪು, ದಣಿವು, ವಾತ ದೂರವಾಗುತ್ತವೆ; ನೋಟ ತಿಳಿಯಾಗುತ್ತದೆ; ಪುಷ್ಟಿ, ಆಯುಸ್ಸು, ನಿದ್ದೆ, ಒಳ್ಳೆಯ ಚರ್ಮ, ಮೈಗಟ್ಟು ಸಿಗುತ್ತವೆ; ತಲೆ, ಕಿವಿ, ಪಾದಗಳಿಗೆ ವಿಶೇಷವಾಗಿ ಹಚ್ಚಬೇಕು. ಹಿಂದೆಯೇ, ಯಾರು ಹಚ್ಚಿಕೊಳ್ಳಬಾರದು ಎಂಬುದನ್ನೂ ಹೇಳುತ್ತಾನೆ.

ಎಣ್ಣೆ ಮಾರುವವರ ಜಾಹೀರಾತುಗಳು ಫಲಗಳ ಪಟ್ಟಿಯನ್ನಷ್ಟೇ ಎತ್ತಿಕೊಳ್ಳುತ್ತವೆ. ಎಣ್ಣೆಯಿಂದ ಆಯುಸ್ಸು ಹೆಚ್ಚುತ್ತದೆ ಎಂದು ನಾನು ಯಾರಿಗೂ ಮಾತು ಕೊಡಲಾರೆ. ನನ್ನ ಮಟ್ಟಿಗೆ ಶ್ಲೋಕದ ಜೀವವಿರುವುದು ಆ ಮೂರು ಜಾಗಗಳಲ್ಲಿ. ದಿನವೂ ಮಾಡು ಎಂದವನಿಗೆ, ದಿನವೂ ಇಡೀ ಮೈಗೆ ಹಚ್ಚಲು ಪುರುಸೊತ್ತಿಲ್ಲದವರ ಕಷ್ಟವೂ ಗೊತ್ತಿತ್ತು ಎಂದೇ ನಾನು ಓದಿಕೊಳ್ಳುತ್ತೇನೆ.

ನಾವೋ ಅಭ್ಯಂಜನವನ್ನು ಹಬ್ಬಕ್ಕೆ ಕಟ್ಟಿಹಾಕಿದ್ದೇವೆ. ದೀಪಾವಳಿಯಲ್ಲಿ ನೀರು ತುಂಬುವ ಹಬ್ಬದ ಸಂಜೆ ಹಂಡೆ ಬೆಳಗಿ, ನರಕ ಚತುರ್ದಶಿಯ ಬೆಳಗಿನ ಜಾವ ಎಣ್ಣೆ ಹಚ್ಚಿಸಿಕೊಂಡು, ಸೀಗೆಪುಡಿಯಲ್ಲಿ ಮಿಂದರೆ ಮತ್ತೆ ಯುಗಾದಿಗೇ. ಹಿರಿಯರು ನೆತ್ತಿಗೆ ಎಣ್ಣೆ ತಟ್ಟುವ ಆ ಸುಖ ದೊಡ್ಡದೇ. ಆದರೆ ದಿನವೂ ತಟ್ಟಲು ಯಾರು ಬರುತ್ತಾರೆ? ನಿತ್ಯದ ಕೆಲಸಕ್ಕೆ ನಮ್ಮ ಕೈಯೇ ಗತಿ. ಅದು ಒಳ್ಳೆಯದೇ ಆಯಿತು: ಎಲ್ಲಿ ನೋವು, ಎಷ್ಟು ಒತ್ತಿದರೆ ಹಿತ ಎಂದು ಕೈಗೆ ಯಾರೂ ಹೇಳಿಕೊಡಬೇಕಿಲ್ಲ.

ಚರಕಸಂಹಿತೆ ಇದಕ್ಕೆ ಮಡಕೆ, ತೊಗಲು, ಗಾಡಿಯ ಇರುಸುಗಳ ಹೋಲಿಕೆ ಕೊಡುತ್ತದೆ. ಎಣ್ಣೆ ಕಂಡ ಇರುಸು ಹೇಗೆ ಭಾರ ತಾಳುತ್ತದೋ ಮೈಯೂ ಹಾಗೆ ಎನ್ನುತ್ತದೆ. ಒಮ್ಮೆ ಹಾಕಿದ ಕೀಲೆಣ್ಣೆ ವರ್ಷಕ್ಕೆಲ್ಲ ಆಗುವುದಿಲ್ಲ ಎಂದು ಗಾಡಿ ಹೊಡೆದವರಿಗೆ ಗೊತ್ತು.

ತಲೆಯ ವಿಷಯ ಬೇಗ ಮುಗಿಯುತ್ತದೆ. ಉಗುರು ತಾಗಿಸದೆ ಬೆರಳ ತುದಿಯಿಂದ ನೆತ್ತಿಯ ಚರ್ಮವನ್ನೇ ಅಲುಗಿಸಬೇಕು. ಕೂದಲು ಉಜ್ಜಿ ಫಲವಿಲ್ಲ. ಮೊಬೈಲಿಗೆ ಬಗ್ಗಿ ಬಗ್ಗಿ ಬಿಗಿದ ಕತ್ತಿನ ಹಿಂಭಾಗಕ್ಕೂ ಒಂದಿಷ್ಟು ಕೈಯಾಡಿಸಿ. ಕಿವಿ ಎಂದರೆ ಹಾಲೆ, ಕಿವಿಯ ಹಿಂಬದಿ, ದವಡೆಯ ಸಂದು. ಒಳಗೆ ಎಣ್ಣೆ ಬಿಡುವ ರೂಢಿ ನಮ್ಮಲ್ಲಿ ಹಳೆಯದು. ತಮಟೆ ತೂತಾಗಿದ್ದರೆ, ಕಿವಿ ಸೋರುತ್ತಿದ್ದರೆ ಅದರಿಂದ ಹಾನಿಯೇ. ಕೂಸುಗಳ ಕಿವಿ, ಮೂಗಿಗಂತೂ ಬೇಡವೇ ಬೇಡ.

ಪಾದಕ್ಕೆ ಬಂದಾಗ ಸ್ವಲ್ಪ ನಿಲ್ಲಬೇಕು. ರಾತ್ರಿ ಮಲಗುವ ಮುಂಚೆ, ಬಿಸಿನೀರಿನ ಪಾತ್ರೆಯಲ್ಲಿ ಎಳ್ಳೆಣ್ಣೆಯ ಬಟ್ಟಲಿಟ್ಟು ಬೆಚ್ಚಗೆ ಮಾಡಿಕೊಂಡು, ಎಡಪಾದವನ್ನು ಬಲತೊಡೆಯ ಮೇಲೆ ಇಟ್ಟುಕೊಳ್ಳಿ. ಎರಡೂ ಹೆಬ್ಬೆರಳನ್ನು ಹಿಮ್ಮಡಿಯಲ್ಲಿ ಊರಿ ಅಂಗಾಲಿನುದ್ದಕ್ಕೂ ಬೆರಳಿನವರೆಗೆ ನಿಧಾನವಾಗಿ ದೂಡಿ. ನಡುವೆ ಒಂದು ಕಡೆ ಕೈ ತಾನೇ ನಿಲ್ಲುತ್ತದೆ. ದಿನವೆಲ್ಲ ನಿಂತು ಪಾಠ ಹೇಳಿದವರಿಗೆ, ಅಡುಗೆ ಮಾಡಿದವರಿಗೆ ಆ ಜಾಗ ಚೆನ್ನಾಗಿ ಗೊತ್ತು. ಅಲ್ಲಿ ಒತ್ತಿ ಹಿಡಿದು, ಬಿಟ್ಟು, ಮತ್ತೆ ಒತ್ತಿ. ಹರಡಿನ ಸುತ್ತ ದುಂಡಗೆ, ಕಾಲಿನ ಮೇಲೆ ಉದ್ದಕ್ಕೆ ನೀವಿ. ಆಮೇಲೆ ಬಟ್ಟೆಯಲ್ಲಿ ಅಂಗಾಲು ಒರೆಸದೆ ಏಳಬೇಡಿ. ಎಣ್ಣೆಗಾಲಿನಲ್ಲಿ ಜಾರಿ ಸೊಂಟ ಮುರಿದುಕೊಳ್ಳುವ ವಯಸ್ಸಿನವರು ಮನೆಯಲ್ಲಿರುತ್ತಾರೆ.

ಸಕ್ಕರೆ ಕಾಯಿಲೆಯವರಿಗೆ ಇದು ಬರಿಯ ಆರೈಕೆಯಲ್ಲ. ನರಗಳು ಮಂದವಾದ ಪಾದಕ್ಕೆ ಮುಳ್ಳು ಚುಚ್ಚಿದರೂ ತಿಳಿಯದು. ಗಾಯ ಕೀವಾದ ಮೇಲೆ ಗೊತ್ತಾಗುತ್ತದೆ. ದಿನವೂ ಪಾದವನ್ನು ಕೈಗೆತ್ತಿಕೊಂಡು ನೋಡುವವರಿಗೆ ಹಿಮ್ಮಡಿಯ ಬಿರುಕು, ಆಣಿ, ಚಪ್ಪಲಿ ಕಚ್ಚಿದ ಗುರುತು, ಒಂದು ಕಡೆ ಏರಿದ ಬಿಸಿ ಬೇಗ ಸಿಕ್ಕಿಬೀಳುತ್ತವೆ. ಬಗ್ಗಲಾಗದವರು ಅಂಗಾಲಿನ ಕೆಳಗೆ ಕನ್ನಡಿ ಹಿಡಿಯಲಿ. ಎಣ್ಣೆ ಪಾದದ ಮೇಲೂ ಕೆಳಗೂ ಸಾಕು, ಬೆರಳ ಸಂದಿಗೆ ಬೇಡ. ಅಲ್ಲಿ ಪಸೆ ನಿಂತರೆ ಚರ್ಮ ಕೊಳೆಯುತ್ತದೆ. ನರ ಮಂದವಾಗಿದ್ದರೆ ಎಣ್ಣೆಯ ಬಿಸಿಯನ್ನು ಬೇರೆಯವರು ಮುಟ್ಟಿ ನೋಡಲಿ.

ಇನ್ನು ಬೇಡದವರ ಮಾತು. ಕಫ ಹೆಚ್ಚಿದವರು, ವಮನ ವಿರೇಚನಗಳಂಥ ಶೋಧನೆ ಆಗತಾನೆ ಮುಗಿಸಿದವರು, ಅಜೀರ್ಣವಾದವರು ಬಿಡಬೇಕೆಂದು ವಾಗ್ಭಟ ಬರೆದಿದ್ದಾನೆ. ಹಾಡಿ ಹೊಗಳಿದ ಉಸಿರಲ್ಲೇ ಬೇಲಿಯನ್ನೂ ಹಾಕುವ ಈ ಎಚ್ಚರಕ್ಕಾಗಿ ನನಗೆ ಅವನ ಮೇಲೆ ನಂಬಿಕೆ ಬರುತ್ತದೆ. ಆ ಸಾಲಿಗೆ ಇಂದು ಜ್ವರ, ಹುಣ್ಣು, ಸೋಂಕು ಹತ್ತಿದ ಚರ್ಮವನ್ನು ಸೇರಿಸಬಹುದು. ಮುಖ್ಯವಾದದ್ದು ಇನ್ನೊಂದಿದೆ: ದೂರ ಪ್ರಯಾಣದ ಅಥವಾ ಶಸ್ತ್ರಚಿಕಿತ್ಸೆಯ ನಂತರ ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ ನೋಯುತ್ತಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಆ ಕಾಲನ್ನು ತಿಕ್ಕಿದರೆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ. ಎಣ್ಣೆಯ ಬಟ್ಟಲು ಮುಟ್ಟದೆ ಅಂದೇ ವೈದ್ಯರಿಗೆ ತೋರಿಸಿ.