ಓದು ಬಲ್ಲವನಿಗೂ ಬಾರದವನಿಗೂ

ಅಪೊಸ್ತಲರ ಕೃತ್ಯಗಳ ಎಂಟನೆಯ ಅಧ್ಯಾಯದಲ್ಲಿ ಇಥಿಯೋಪ್ಯದ ರಾಣಿಯ ಖಜಾನೆ ನೋಡಿಕೊಳ್ಳುವ ಒಬ್ಬ ಕಂಚುಕಿ ಬರುತ್ತಾನೆ. ಆರಾಧನೆಗೆಂದು ಯೆರೂಸಲೇಮಿಗೆ ಹೋಗಿದ್ದವನು ರಥದಲ್ಲಿ ಕುಳಿತು ಯೆಶಾಯನ ಗ್ರಂಥವನ್ನು ಓದುತ್ತ ಗಾಜಾದ ದಾರಿಯಲ್ಲಿ ಮರಳುತ್ತಿದ್ದಾನೆ. ಓದು ಬಲ್ಲವನು, ಗ್ರಂಥವನ್ನು ಜೊತೆಗಿಟ್ಟುಕೊಳ್ಳುವಷ್ಟು ಅನುಕೂಲಸ್ಥ. ಆದರೂ ವಧೆಗೆ ಹೋಗುವ ಕುರಿಯಂತೆ ಬಾಯಿ ತೆರೆಯದ ಆ ನೊಂದವನು ಯಾರು, ಪ್ರವಾದಿ ತನ್ನ ಬಗ್ಗೆಯೇ ಹೇಳಿಕೊಳ್ಳುತ್ತಿದ್ದಾನೋ ಬೇರೊಬ್ಬನ ಬಗ್ಗೆಯೋ ಎಂಬುದು ಅವನಿಗೆ ಹೊಳೆಯುತ್ತಿಲ್ಲ. ಸುವಾರ್ತಿಕನಾದ ಫಿಲಿಪ್ಪ ರಥವೇರಿ ಪಕ್ಕದಲ್ಲಿ ಕುಳಿತು ವಿವರಿಸಿದ ಮೇಲೆ, ದಾರಿಯಲ್ಲೇ ಸಿಕ್ಕ ನೀರಿನಲ್ಲಿ ಅವನು ದೀಕ್ಷಾಸ್ನಾನ ಪಡೆಯುತ್ತಾನೆ.

ಗ್ರಂಥ ಕೈಯಲ್ಲಿದ್ದೂ ಸತ್ಯ ಕಾಣದೆ ಹೋಗಬಹುದಾದರೆ, ಅದನ್ನು ಕಾಣಿಸುವವರು ಯಾರು? ಗ್ರಂಥವೇ, ವಿವರಿಸುವವನೇ, ದೇವರೇ? ಕ್ರೈಸ್ತ ಚಿಂತನೆ ಈ ಪ್ರಶ್ನೆಯನ್ನು ಹದಿನಾರನೆಯ ಶತಮಾನದಲ್ಲಿ ಎದುರಿಸಿದಷ್ಟು ನೇರವಾಗಿ ಮತ್ತೆಂದೂ ಎದುರಿಸಲಿಲ್ಲವೆಂದು ನನ್ನ ಭಾವನೆ.

1516ರಲ್ಲಿ ಎರಾಸ್ಮಸ್ ಗ್ರೀಕ್ ಹೊಸ ಒಡಂಬಡಿಕೆಯನ್ನು ಬಾಸೆಲ್‌ನಲ್ಲಿ ಅಚ್ಚು ಹಾಕಿಸಿದ. ಉಳುವವನು ನೇಗಿಲ ಹಿಂದೆ, ನೇಯುವವನು ಮಗ್ಗದ ಮುಂದೆ ಇದರ ಮಾತುಗಳನ್ನು ಹಾಡಿಕೊಳ್ಳುವಂತಾಗಲಿ ಎಂದು ಅದರ ಜೊತೆಗಿನ ಬರಹದಲ್ಲಿ ಹಾರೈಸಿದ. ಲೂಥರ್ ಅದೇ ಗ್ರೀಕ್ ಪಠ್ಯದ ಎರಡನೆಯ ಆವೃತ್ತಿಯನ್ನು ಮುಂದಿಟ್ಟುಕೊಂಡು ಮಾಡಿದ ಜರ್ಮನ್ ಅನುವಾದ 1522ರ ಸೆಪ್ಟೆಂಬರಿನಲ್ಲಿ ವಿಟ್ಟೆನ್‌ಬರ್ಗ್‌ನಿಂದ ಹೊರಬಂತು. ಜನಸಾಮಾನ್ಯರ ಕೈಗೆ ಬೈಬಲ್ ಸಿಗಬೇಕೆಂಬುದರಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಅವರು ಬೇರೆಯಾದದ್ದು ಅದರ ಸ್ಪಷ್ಟತೆಯ ವಿಷಯದಲ್ಲಿ. ತೀರಾ ಆಳಕ್ಕೆ ಇಳಿಯಬಾರದೆಂದೇ ದೇವರು ಕೆಲವು ಸಂಗತಿಗಳನ್ನು ಮರೆಯಾಗಿಟ್ಟಿದ್ದಾನೆ, ಅಲ್ಲಿ ಧರ್ಮಸಭೆಯ ನಿರ್ಣಯಕ್ಕೆ ತಲೆಬಾಗುವುದು ಲೇಸು ಎಂದು ಎರಾಸ್ಮಸ್ 1524ರಲ್ಲಿ ಬರೆದ.

ಮರುವರ್ಷ ಬಂದ ಲೂಥರನ ಉತ್ತರದಲ್ಲಿ ಎರಡು ಬಗೆಯ ಸ್ಪಷ್ಟತೆಯ ಮಾತಿದೆ. ಮೊದಲನೆಯದು ಹೊರಗಿನದು. ಕೆಲವು ಪದಗಳು, ವಾಕ್ಯಗಳು ಕಠಿಣವೆಂದು ಅವನೂ ಒಪ್ಪುತ್ತಾನೆ. ಭಾಷೆ, ವ್ಯಾಕರಣಗಳಲ್ಲಿ ನಮಗಿರುವ ಕೊರತೆಯೇ ಅದಕ್ಕೆ ಕಾರಣ ಎನ್ನುತ್ತಾನೆ. ಆದರೆ ಗ್ರಂಥದ ತಿರುಳು, ಅಂದರೆ ದೇವರ ಮಗ ಮನುಷ್ಯನಾದ, ನಮಗಾಗಿ ಸತ್ತ, ಎದ್ದು ಬಂದ ಎಂಬ ಸುವಾರ್ತೆ, ಯಾರಿಂದಲೂ ಮುಚ್ಚಿಟ್ಟದ್ದಲ್ಲ. ಎರಡನೆಯದು ಒಳಗಿನದು: ಪವಿತ್ರಾತ್ಮನು ಹೃದಯವನ್ನು ಬೆಳಗದೆ ಯಾವ ಮನುಷ್ಯನಿಗೂ ಅದರ ಒಂದಕ್ಷರವೂ ನಿಜವಾಗಿ ದಕ್ಕದು.

ಈ ಎರಡನೆಯ ಮಾತೇ ಹೆಚ್ಚು ತೂಕದ್ದು. ಅಡ್ಡಿಯಿರುವುದು ಹೃದಯದಲ್ಲಿ ಎಂದಾದರೆ, ಗ್ರೀಕ್ ಬಲ್ಲ ಪಂಡಿತನೂ ಅಕ್ಷರ ಬಾರದ ಮುದುಕಿಯೂ ದೇವರ ಮುಂದೆ ಒಂದೇ ಸಾಲಿನಲ್ಲಿ ನಿಂತಂತಾಯಿತು. ಪಾಂಡಿತ್ಯ ಮೊದಲನೆಯ ಸ್ಪಷ್ಟತೆಗೆ ನೆರವಾಗುತ್ತದೆ, ಎರಡನೆಯದರಿಂದ ಯಾರಿಗೂ ವಿನಾಯಿತಿ ಕೊಡಿಸುವುದಿಲ್ಲ. ಸಾಮಾನ್ಯ ವಿಶ್ವಾಸಿಯ ಘನತೆಗೆ ಇಷ್ಟು ಗಟ್ಟಿಯಾದ ಆಧಾರ ಒದಗಿಸುವ ವಿಚಾರಗಳು ವಿರಳ.

ಕ್ಯಾಲ್ವಿನ್ ಇದನ್ನೇ ಪ್ರಮಾಣದ ಪ್ರಶ್ನೆಯಾಗಿ ಬೆಳೆಸಿದ. ಇದು ದೇವರ ಮಾತೆಂದು ನಂಬುವುದು ಯಾವ ಆಧಾರದ ಮೇಲೆ? ಧರ್ಮಸಭೆ ಹೇಳಿತೆಂದು ನಂಬಿದರೆ ಮನುಷ್ಯರ ತೀರ್ಪು ದೇವರ ಮಾತಿಗಿಂತ ದೊಡ್ಡದಾಗುತ್ತದೆ. ತರ್ಕದಿಂದ ಸಾಧಿಸಿದರೆ ಇನ್ನೊಂದು ತರ್ಕಕ್ಕೆ ಅದು ಅಲುಗಾಡುತ್ತದೆ. ಹಾಗಾಗಿ ಗ್ರಂಥ ಸ್ವತಃಪ್ರಮಾಣ. ಬರೆಸಿದ ಆತ್ಮನೇ ಓದುವವನೊಳಗೆ ಸಾಕ್ಷಿ ನುಡಿಯುತ್ತಾನೆ ಎಂಬುದು ಅವನ ವಾದ. ಕಣ್ಣು ಮಂಜಾದ ವೃದ್ಧನಿಗೆ ಕನ್ನಡಕ ಹೇಗೋ, ದೇವರನ್ನು ಮಸುಕಾಗಿ ಮಾತ್ರ ಗ್ರಹಿಸುವ ನಮಗೆ ಗ್ರಂಥ ಹಾಗೆ ಎಂದೂ ಅವನು ಹೇಳಿದ.

ಮೀಮಾಂಸೆಯ ಪರಿಚಯವಿದ್ದವರಿಗೆ ಇಲ್ಲೊಂದು ವ್ಯತ್ಯಾಸ ಹೊಳೆದೀತು. ಮೀಮಾಂಸಕರಿಗೆ ವೇದ ಅಪೌರುಷೇಯ. ಕರ್ತೃವೇ ಇಲ್ಲದಿರುವುದರಿಂದ ದೋಷಕ್ಕೆ ಎಡೆಯಿಲ್ಲ. ಬೈಬಲಿನಲ್ಲಾದರೋ ಹೆಜ್ಜೆಹೆಜ್ಜೆಗೂ ಮನುಷ್ಯರ ಕೈಬೆರಳ ಗುರುತು. ಎಲ್ಲವನ್ನೂ ವಿಚಾರಿಸಿ ತಿಳಿದುಕೊಂಡು ಬರೆಯುತ್ತಿದ್ದೇನೆಂದು ಲೂಕ ಆರಂಭದಲ್ಲೇ ತಿಳಿಸುತ್ತಾನೆ. ತಿಮೊಥೆಯನಿಗೆ ಬರೆದ ಎರಡನೆಯ ಪತ್ರದಲ್ಲಿ, ತ್ರೋವದಲ್ಲಿ ಬಿಟ್ಟು ಬಂದ ಮೇಲಂಗಿಯನ್ನು ತೆಗೆದುಕೊಂಡು ಬಾ ಎಂಬ ಕೋರಿಕೆಯಿದೆ. ದೈವಸತ್ಯ ಇಂಥ ಮಾತುಗಳ ನಡುವೆಯೇ ಬರುತ್ತದೆ ಎನ್ನುತ್ತದೆ ಕ್ರೈಸ್ತ ನಂಬಿಕೆ. ದೇವರೇ ಮನುಷ್ಯನಾದ ಎಂದು ಸಾರುವ ಧರ್ಮಕ್ಕೆ ಅದು ತಕ್ಕುದಾಗಿಯೇ ಇದೆ.

ಗ್ರಂಥ ಅಷ್ಟು ಸ್ಪಷ್ಟವಾಗಿದ್ದರೆ ಜಗಳವೇಕೆ ಎಂದು ಕೇಳಬಹುದು. ಕೇಳಲೇಬೇಕು. 1529ರಲ್ಲಿ ಮಾರ್‌ಬುರ್ಗ್ ಕೋಟೆಯಲ್ಲಿ ಲೂಥರ್ ಮತ್ತು ಅವನಂತೆಯೇ ಸುಧಾರಕನಾದ ಜ್ವಿಂಗ್ಲಿ ಎದುರುಬದುರು ಕುಳಿತರು. ದೇವರ ವಾಕ್ಯದ ಸ್ಪಷ್ಟತೆಯ ಬಗ್ಗೆ ಜ್ವಿಂಗ್ಲಿ 1522ರಲ್ಲೇ ಪುಸ್ತಕ ಬರೆದಿದ್ದ. ಹದಿನೈದು ವಿಷಯಗಳಲ್ಲಿ ಹದಿನಾಲ್ಕಕ್ಕೆ ಒಪ್ಪಿದರು. ಕೊನೆಯ ಭೋಜನದಲ್ಲಿ ಯೇಸು ರೊಟ್ಟಿಯನ್ನು ತನ್ನ ದೇಹವೆಂದು ಕರೆದ ಆ ಪುಟ್ಟ ವಾಕ್ಯದ ಅರ್ಥದಲ್ಲಿ ಮಾತ್ರ ಒಂದಾಗಲಾರದೆ ಬೇರ್ಪಟ್ಟರು. ಈ ಗಾಯ ಸಣ್ಣದಲ್ಲ. ಅದನ್ನು ಮರೆಸಿ ಸ್ಪಷ್ಟತೆಯ ಬಗ್ಗೆ ಮಾತಾಡುವುದು ಪ್ರಾಮಾಣಿಕವೂ ಅಲ್ಲ.

1646ರಲ್ಲಿ ಸಿದ್ಧವಾದ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸಪ್ರಮಾಣ ಈ ವಿಚಾರವನ್ನು ಎಚ್ಚರದಿಂದ ಹೇಳುತ್ತದೆ. ಗ್ರಂಥದಲ್ಲಿರುವುದೆಲ್ಲ ಸಮಾನವಾಗಿ ಸ್ಪಷ್ಟವಲ್ಲ, ಎಲ್ಲರಿಗೂ ಒಂದೇ ಸಮನೆ ಸ್ಪಷ್ಟವಲ್ಲ. ರಕ್ಷಣೆಗೆ ಬೇಕಾದದ್ದು ಮಾತ್ರ ಒಂದಲ್ಲ ಒಂದು ಕಡೆ ತೆರೆದೇ ಇದೆ, ಓದಿದವನೂ ಓದದವನೂ ಸಾಮಾನ್ಯ ಸಾಧನಗಳಿಂದ ಅದನ್ನು ಸಾಕಷ್ಟು ತಿಳಿಯಬಲ್ಲ. ಪ್ರಸಂಗ, ಪ್ರಾರ್ಥನೆ, ತಿಳಿದವರನ್ನು ಕೇಳುವುದು ಇವೆಲ್ಲ ಆ ಸಾಧನಗಳೇ. ಅಲ್ಲಿಗೆ ಫಿಲಿಪ್ಪನ ಕೆಲಸ ಮುಗಿದಿಲ್ಲ ಎಂದಾಯಿತು. ಕಥೋಲಿಕ ಧರ್ಮಸಭೆಯಾದರೋ 1546ರಲ್ಲಿ ಟ್ರೆಂಟ್ ಮಹಾಸಭೆಯಲ್ಲಿ ಅರ್ಥನಿರ್ಣಯದ ಹೊಣೆ ತನ್ನದೆಂದು ಸಾರಿತ್ತು. ಆ ನಿಲುವನ್ನು ಬಿಡದೆಯೇ 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ಬೈಬಲ್ ಎಲ್ಲ ವಿಶ್ವಾಸಿಗಳಿಗೂ ಸುಲಭವಾಗಿ ಸಿಗಬೇಕೆಂದು ಹೇಳಿತು.

ಈ ವಾದಗಳಿಗೆ ಸಾವಿರ ವರ್ಷಕ್ಕೂ ಹಿಂದೆ ಅಲೆಕ್ಸಾಂಡ್ರಿಯದ ಬಿಷಪ್ ಅಥನೇಸಿಯಸ್, ಮಾರ್ಸೆಲಿನಸ್ ಎಂಬವನಿಗೆ ಕೀರ್ತನೆಗಳ ಬಗ್ಗೆ ಒಂದು ಪತ್ರ ಬರೆದಿದ್ದ. ಬೇರೆ ಗ್ರಂಥಭಾಗಗಳನ್ನು ಓದುವಾಗ ಮೋಶೆಯ ಮಾತು, ಪ್ರವಾದಿಗಳ ಮಾತು ಎಂದು ಕೇಳಿಸಿಕೊಳ್ಳುತ್ತೇವೆ, ಕೀರ್ತನೆಗಳನ್ನಾದರೋ ಸ್ವಂತ ಮಾತಿನಂತೆ ಆಡುತ್ತೇವೆ ಎನ್ನುತ್ತಾನೆ ಅವನು. ಮಗುವನ್ನು ಮಣ್ಣು ಮಾಡಿ ಬಂದ ತಾಯಿ ದಾವೀದನ ಗೋಳನ್ನು ತನ್ನದಾಗಿ ಹೇಳಿಕೊಳ್ಳುವಾಗ ಹೀಬ್ರೂ ವ್ಯಾಕರಣವಾಗಲಿ, ಆ ಕೀರ್ತನೆಯ ಕಾಲನಿರ್ಣಯವಾಗಲಿ ಅವಳಿಗೆ ಗೊತ್ತಿರಬೇಕಿಲ್ಲ. ಇಂಥದ್ದನ್ನು ದೇವರಿಗೆ ಹೇಳಬಹುದು, ಅವನು ಕೇಳುತ್ತಾನೆ ಎಂಬುದನ್ನು ಅವಳು ಆ ಮಾತುಗಳನ್ನು ಆಡುತ್ತಲೇ ಕಲಿಯುತ್ತಾಳೆ.