ಹೋಗಿ ಬಾ, ಗೆಳೆಯಾ



ಸೇನಾ ತರಬೇತಿಗೆಂದು ಬೆಳಗಾವಿಯ ಮರಾಠಾ ರೆಜಿಮೆಂಟ್ ಕೇಂದ್ರಕ್ಕೆ ಹೊರಟ ಗೆಳೆಯನನ್ನು ಬೀಳ್ಕೊಡುವಾಗ ನಮ್ಮ ಯುವಕರನ್ನು ಒಂದು ಪ್ರಶ್ನೆ ಕಾಡುತ್ತದೆ. ವೈರಿಯನ್ನೂ ಪ್ರೀತಿಸೆಂದ ಯೇಸುಸ್ವಾಮಿಯ ಶಿಷ್ಯರು ಬಂದೂಕು ಹಿಡಿಯಲು ಹೊರಟವನನ್ನು ಹರಸಬಹುದೇ?

ಸೈನಿಕರು ತಮ್ಮ ಕರ್ತವ್ಯವೇನೆಂದು ಕೇಳಿದಾಗ ಸ್ನಾನಿಕ ಯೊವಾನ್ನರು ಸೇನೆಯನ್ನು ತೊರೆಯಲು ಹೇಳಲಿಲ್ಲ. ಯಾರನ್ನೂ ಬೆದರಿಸಿ ಸುಲಿಯಬಾರದೆಂದರು (ಲೂಕ 3:14). 1965ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆಯು ಯೋಧರನ್ನು ಜನರ ಭದ್ರತೆಯ ಸೇವಕರೆಂದು ಗೌರವಿಸಿತು. ಕುರುಡು ವಿಧೇಯತೆ ಅಪರಾಧಕ್ಕೆ ನೆಪವಾಗದೆಂದೂ ಎಚ್ಚರಿಸಿತು.

ಆದ್ದರಿಂದ ಹರಸಬಹುದು, ಹರಸಿ ಮರೆಯಬಾರದು. ತರಬೇತಿಯು ವಿಧೇಯತೆಯನ್ನು ಕಲಿಸುತ್ತದೆ. ಮನಸ್ಸಾಕ್ಷಿಯನ್ನು ಎಚ್ಚರವಾಗಿಡಲು ಗೆಳೆಯರು ಬೇಕು. ಪತ್ರ ಬರೆಯಿರಿ, ಊರಿನಲ್ಲಿರುವ ಅವನ ತಾಯಿಯನ್ನು ವಿಚಾರಿಸಿಕೊಳ್ಳಿರಿ, ಜಪಸರದಲ್ಲಿ ಅವನನ್ನು ನೆನೆಯಿರಿ. ನಾವು 'ಹೋಗು' ಎಂದು ಬೀಳ್ಕೊಡುವುದಿಲ್ಲ, 'ಹೋಗಿ ಬಾ' ಎನ್ನುತ್ತೇವೆ. ನಾವು ಬಲ್ಲ ಅದೇ ಹೃದಯದೊಡನೆ ಅವನು ಮರಳಲಿ ಎಂಬುದೇ ಆ ಮಾತಿನೊಳಗಿನ ಪ್ರಾರ್ಥನೆ.